ದ್ರಾಕ್ಷಿಯ ನೀರು ಎಲ್ಲಿ ಹೋಯಿತು?

ಶಾಲೆಯ ಟ್ರಿಪ್ ಎಂದರೆ ಗೋಳಗುಮ್ಮಟ, ಆಲಮಟ್ಟಿ, ಇನ್ನೂ ದೂರ ಹೋದರೆ ಹಂಪಿ. ಮಮದಾಪುರದ ಮಕ್ಕಳೇ, ಅವನ್ನೆಲ್ಲ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಈ ಸಲ ಫೆಬ್ರುವರಿ ಮುಗಿಯುವ ಹೊತ್ತಿಗೆ ನಿಮ್ಮ ಮಾಸ್ತರರನ್ನು ಕಾಡಿ ಬೇಡಿ ತಿಕೋಟಾ, ಬಬಲೇಶ್ವರ ಭಾಗದ ಯಾವುದಾದರೂ ಮಣೂಕ ಶೆಡ್ಡಿಗೂ ಹೋಗಿ ಬನ್ನಿ. ಮಾಸ್ತರರು ಹಿಂದೆಮುಂದೆ ನೋಡಿದರೆ ಇದನ್ನು ಹೇಳಿ: 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಬಿಟ್ಟು ಬಡಿಗರು, ಕುಂಬಾರರು, ತೋಟಗಾರರ ಬಳಿ ಕೆಲಸ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಮಣೂಕ ಮಾಡುವವರನ್ನು ಆ ಸಾಲಿಗೆ ಸೇರಿಸಿದರೆ ಯಾರೂ ತಕರಾರು ಮಾಡಲಾರರು.

ಶೆಡ್ಡಿನಲ್ಲಿ ನೋಡುವಂಥದ್ದು ಏನಿದೆ? ಗೋಡೆಯಿಲ್ಲದ ಉದ್ದನೆಯ ಚಪ್ಪರ, ಮೇಲೆ ತಗಡು, ಒಳಗೆ ಒಂದರ ಮೇಲೊಂದು ಹತ್ತಾರು ಅಂತಸ್ತು ಬಲೆ, ಬಲೆಯ ತುಂಬ ದ್ರಾಕ್ಷಿ. ಇಷ್ಟೇ. ಯಂತ್ರವೂ ಇಲ್ಲ, ಬೆಂಕಿಯೂ ಇಲ್ಲ. ಹಾಗಿದ್ದರೂ ಹದಿನೈದು ದಿನದ ಹೊತ್ತಿಗೆ ರಸ ತುಂಬಿದ ಹಣ್ಣು ಸುಕ್ಕುಗಟ್ಟಿದ ಮಣೂಕವಾಗಿರುತ್ತದೆ. ಇದನ್ನು ಮಾಡಿದವರು ಯಾರು?

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಒಂದು ಕಿಲೋ ದ್ರಾಕ್ಷಿಯಲ್ಲಿ ಸುಮಾರು 800 ಗ್ರಾಂ ನೀರು, ಉಳಿದ 200 ಗ್ರಾಂನಲ್ಲಿ ಬಹುಪಾಲು ಸಕ್ಕರೆ. ಒಳ್ಳೆಯ ಮಣೂಕದಲ್ಲಿ ನೀರು ನೂರಕ್ಕೆ 15ರಷ್ಟು ಮಾತ್ರ. ಹಾಗಾದರೆ ಒಂದು ಟನ್ ದ್ರಾಕ್ಷಿಗೆ ಸಿಗುವ ಮಣೂಕ ಹತ್ತಿರ ಹತ್ತಿರ 235 ಕಿಲೋ. ಉಳಿದ 765 ಕಿಲೋ? ಅಷ್ಟೂ ನೀರು. ಅದು ಎಲ್ಲಿಗೂ ಹರಿದುಹೋಗಲಿಲ್ಲ, ನೆಲಕ್ಕೂ ಇಂಗಲಿಲ್ಲ. ಗಾಳಿಗೆ ಹೋಯಿತು.

ಇಷ್ಟು ನೀರನ್ನು ಆವಿ ಮಾಡುವುದು ಸಣ್ಣ ಕೆಲಸವಲ್ಲ. ಒಂದು ಲೀಟರ್ ನೀರು ಆವಿಯಾಗಲು ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಯುನಿಟ್‌ಗೆ ತುಸು ಕಡಿಮೆ ಶಕ್ತಿ ಬೇಕು. 765 ಲೀಟರಿಗೆ 500 ಯುನಿಟ್ ದಾಟುತ್ತದೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಯುನಿಟ್ ಬರುತ್ತದೆ ಎಂದು ಬಿಲ್ ನೋಡಿ, ಆಗ ತಿಳಿಯುತ್ತದೆ. ಶೆಡ್ಡಿನಲ್ಲಿ ಈ ಶಕ್ತಿಯನ್ನೆಲ್ಲ ಬಿಸಿಲಿಗೆ ಕಾದ ಗಾಳಿ ಪುಕ್ಕಟೆ ಕೊಡುತ್ತದೆ. ಮಾರ್ಚ್ ತಿಂಗಳ ನಮ್ಮ ಗಾಳಿಯಲ್ಲಿ ತೇವ ತೀರ ಕಡಿಮೆ. ಅದಕ್ಕೇ ಇನ್ನಷ್ಟು ಆವಿಗೆ ಅಲ್ಲಿ ಜಾಗ ಇರುತ್ತದೆ. ಹಣ್ಣಿನ ಸುತ್ತ ತೇವವಾದ ಗಾಳಿ ನಿಂತರೆ ಒಣಗುವುದು ನಿಧಾನವಾಗುತ್ತದೆ, ಆದ್ದರಿಂದ ಗೋಡೆ ಇಲ್ಲ, ಹಲಗೆಯ ಬದಲು ಬಲೆ. ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲ ಕಡೆಯಿಂದಲೂ ಗಾಳಿ ಆಡಬೇಕು. ಕರಾವಳಿಯ ತೇವದ ಹವೆಯಲ್ಲಿ ಇದೇ ಶೆಡ್ ಕಟ್ಟಿದರೆ ಹಣ್ಣು ಒಣಗುವ ಮೊದಲು ಬೂಷ್ಟು ಹಿಡಿದೀತು.

ಇಷ್ಟಾದರೂ ದ್ರಾಕ್ಷಿ ಸುಮ್ಮನೆ ನೀರು ಬಿಟ್ಟುಕೊಡುವುದಿಲ್ಲ. ಪಡದಲ್ಲಿ ಗೊನೆ ಕೈಗೆತ್ತಿಕೊಂಡರೆ ಹಣ್ಣಿನ ಮೇಲೆ ಬಿಳಿಯ ಹುಡಿಯಂಥದ್ದು ಕಾಣುತ್ತದೆ, ಬೆರಳಿಂದ ಉಜ್ಜಿದರೆ ಹೋಗಿ ಹೊಳಪು ಬರುತ್ತದೆ. ಬಹಳ ಜನ ಅದನ್ನು ಔಷಧದ ಪುಡಿ ಅಂದುಕೊಳ್ಳುತ್ತಾರೆ. ಔಷಧ ಸಿಂಪಡಿಸಿದ ಕಲೆಯೂ ಇರಬಹುದು, ತಿನ್ನುವ ಮೊದಲು ತೊಳೆಯಲೇಬೇಕು. ಆದರೆ ಆ ಬಿಳಿ ಪದರ ಬಳ್ಳಿಯೇ ಮಾಡಿಕೊಂಡ ಮೇಣ. ಒಳಗಿನ ನೀರು ಹೊರಹೋಗದಂತೆ ಹಣ್ಣು ತೊಟ್ಟುಕೊಂಡ ರೇನ್‌ಕೋಟ್ ಅದು, ಒಳಮೈ ಹೊರಗೆ ಮಾಡಿ ತೊಟ್ಟದ್ದು.

ಇದಕ್ಕೆ ರೈತರು ಉಪಾಯ ಮಾಡುತ್ತಾರೆ. ಬಲೆಗೆ ಹಾಕುವ ಮೊದಲು ಗೊನೆಗಳನ್ನು ಕ್ರೇಟಿನ ಸಮೇತ ಒಂದು ತೊಟ್ಟಿಯಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ತೊಟ್ಟಿಯಲ್ಲಿರುವುದು ಹಾಲಿನಂತೆ ಬೆಳ್ಳಗಾದ ನೀರು: 100 ಲೀಟರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಈಥೈಲ್ ಓಲಿಯೇಟ್ ಎಂಬ ಎಣ್ಣೆ. ಎಣ್ಣೆ ಮೇಣದ ಪದರದೊಳಗೆ ಸೇರಿ ಅದನ್ನು ಸಡಿಲಿಸುತ್ತದೆ, ನೀರಿಗೆ ಸಣ್ಣ ಸಣ್ಣ ದಾರಿಯಾಗುತ್ತದೆ. ಸಿಪ್ಪೆ ಹರಿಯುವುದಿಲ್ಲ, ಆದ್ದರಿಂದ ರಸ ಸೋರುವುದಿಲ್ಲ. ಹೀಗೆ ಅದ್ದದೆ ಒಣಗಿಸಿದರೆ ಎರಡು ಪಟ್ಟು ದಿನ ಹಿಡಿಯುತ್ತದೆ. ಉಪಾಯವೇನೂ ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲ, ಬೂದಿಯಿಂದ ತೆಗೆದ ಕ್ಷಾರದ ನೀರಿಗೆ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುವುದನ್ನು ಬರೆದಿಟ್ಟಿದ್ದಾನೆ. ಮರದ ಬೂದಿಯಲ್ಲಿ ಇರುವುದೂ ಅದೇ ಪೊಟ್ಯಾಸಿಯಂ ಕಾರ್ಬೋನೇಟ್. ಒಂದು ಎಚ್ಚರಿಕೆ: ಆ ತೊಟ್ಟಿಗೆ ಕೈ ಹಾಕಬೇಡಿ, ಚರ್ಮ ಉರಿಯುತ್ತದೆ. ಹಣ್ಣಿನ ಬಣ್ಣ ಕೆಡದಿರಲೆಂದು ಕೆಲವರು ಗಂಧಕದ ಹೊಗೆ ಕೊಡುತ್ತಾರೆ. ಆ ಹೊತ್ತಿನಲ್ಲಂತೂ ಶೆಡ್ಡಿನ ಹತ್ತಿರ ಸುಳಿಯಬೇಡಿ.

ಬಿಸಿಲು ಇಷ್ಟಿರುವಾಗ ತಗಡಿನ ನೆರಳು ಯಾಕೆ ಎಂದು ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತೀರಿ. ಕೇಳಬೇಕು. ನೇರ ಬಿಸಿಲಿಗೆ ಬಿದ್ದ ಹಣ್ಣು ಕಂದಾಗುತ್ತದೆ, ನೆರಳಲ್ಲಿ ಒಣಗಿದ್ದು ಹಸಿರು ಉಳಿಸಿಕೊಳ್ಳುತ್ತದೆ, ಪೇಟೆಯಲ್ಲಿ ಹಸಿರಿಗೇ ಬೆಲೆ ಹೆಚ್ಚು. ಇದೇ ದಿನಗಳಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಮೋಡ ಕಂಡರೆ ಶೆಡ್ಡಿನವರು ಯಾಕೆ ಮಾತು ನಿಲ್ಲಿಸುತ್ತಾರೆ ಎಂಬುದು ಆಗ ಅರ್ಥವಾಗುತ್ತದೆ.

ಮಣೂಕ ತಿಂಗಳುಗಟ್ಟಲೆ ಕೆಡದಿರುವುದು ಹೇಗೆ? ನಿಮ್ಮ ಮನೆಯ ಕಟಕ ರೊಟ್ಟಿ ಕೆಡದಿರುವುದೂ ನೀರಿಲ್ಲದ್ದರಿಂದಲೇ. ಮಣೂಕದಲ್ಲಿ ಇನ್ನೊಂದು ವಿಷಯವೂ ಇದೆ. ಉಳಿದ ಅಷ್ಟಿಷ್ಟು ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಬ್ಯಾಕ್ಟೀರಿಯಾ ಬಂದು ಕೂತರೆ ಅದಕ್ಕೆ ನೀರು ಸಿಗುವುದು ಹಾಗಿರಲಿ, ಅದರ ಮೈಯ ನೀರೇ ಸಕ್ಕರೆಯ ಕಡೆಗೆ ಜಗ್ಗಿಹೋಗುತ್ತದೆ.

ಈಗ ನಿಮ್ಮೂರ ಕೆರೆಗೆ ಬನ್ನಿ. ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್‌ಶಾಹನ ಕಾಲದ್ದು, ಅವನು ಆಳಿದ್ದು 1627ರಿಂದ 1656. ಮಣೂಕ ಒಣಗಿಸುವ ಆ ಗಾಳಿಯೇ ಮಾರ್ಚ್–ಏಪ್ರಿಲ್‌ನಲ್ಲಿ ಕೆರೆಯ ಮೇಲೂ ಬೀಸುತ್ತದೆ. ಒಂದೇ ಒಂದು ಎಕರೆ ನೀರಿನ ಮೇಲ್ಮೈ ದಿನಕ್ಕೆ 5 ಮಿಲಿಮೀಟರ್ ಇಳಿದರೂ 20 ಸಾವಿರ ಲೀಟರ್ ಹೋಯಿತು. ಶೆಡ್ಡಿನಲ್ಲಿ ಸಂಬಳವಿಲ್ಲದೆ ದುಡಿಯುವ ಗಾಳಿ ಕೆರೆಯಲ್ಲಿ ಕಳ್ಳ. ನಮ್ಮ ಕಡೆಯ ಒಣ ಹವೆಯನ್ನು ಬೈಯುವವರೇ ಹೆಚ್ಚು, ನನಗೇನೋ ಅರ್ಧ ಬೈಗುಳವೇ ಸಾಕು ಅನ್ನಿಸುತ್ತದೆ.

ಶೆಡ್ಡಿನಿಂದ ಒಂದು ಹಿಡಿ ಮಣೂಕ ಕೇಳಿ ತನ್ನಿ, ಕೊಡುತ್ತಾರೆ. ತಿಂದು ಉಳಿದರೆ ರಾತ್ರಿ ಎರಡು ಬಟ್ಟಲಲ್ಲಿ ಹತ್ತತ್ತು ಹಾಕಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಗಟ್ಟಿ ಬೆಲ್ಲದ ಪಾಕ. ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀರಿನಲ್ಲಿದ್ದದ್ದು ಉಬ್ಬಿರುತ್ತದೆ. ಪಾಕದಲ್ಲಿದ್ದದ್ದು ಅಷ್ಟು ಉಬ್ಬಿರುವುದಿಲ್ಲ. ಯಾಕೆ ಎಂದು ತಲೆ ಕೆರೆದುಕೊಂಡರೆ, ಬ್ಯಾಕ್ಟೀರಿಯಾದ ಮಾತು ಬಂದ ಸಾಲನ್ನು ಇನ್ನೊಮ್ಮೆ ಓದಿ.