ಮಂತ್ರಿಯನ್ನು ಬಿಟ್ಟುಕೊಟ್ಟ ಹುಡುಗ



ಚದುರಂಗದ ಸ್ಪರ್ಧೆಗೆ ಹೋಗುವ ನಮ್ಮ ಮಕ್ಕಳು ಎದುರಾಳಿಯ ರೇಟಿಂಗ್ ಕೇಳಿದ ಕೂಡಲೇ ಅರ್ಧ ಸೋತಿರುತ್ತಾರೆ ಎಂದು ದೈಹಿಕ ಶಿಕ್ಷಕರು ಈಗಷ್ಟೇ ಹೇಳಿದರು. ಅದಕ್ಕೇ ಇವತ್ತು ಒಂದು ಆಟದ ವಿಷಯ ಹೇಳುತ್ತೇನೆ.

1956ರ ಅಕ್ಟೋಬರ್ 17, ನ್ಯೂಯಾರ್ಕಿನ ಮಾರ್ಷಲ್ ಚೆಸ್ ಕ್ಲಬ್. ಬಿಳಿ ಕಾಯಿಗಳು 26 ವರ್ಷದ ಡೊನಾಲ್ಡ್ ಬರ್ನ್ ಅವರವು. 1953ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿ ಗೆದ್ದವರು. ಕಪ್ಪು ಕಾಯಿಗಳು 13 ವರ್ಷದ ಬಾಬಿ ಫಿಷರನವು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೀರಲ್ಲ, ಎಂಟನೇ ತರಗತಿಯವರು, ನಿಮ್ಮದೇ ವಯಸ್ಸು. ರೇಟಿಂಗಿನಲ್ಲಿ ಹುಡುಗ ಬಹಳ ಕೆಳಗಿದ್ದ. ಆ ಪಂದ್ಯಾವಳಿಯಲ್ಲಿ ಅವನಿಗೆ ಗೆಲುವಿಗಿಂತ ಸೋಲೇ ಹೆಚ್ಚು.

ಬರ್ನ್ ತಮ್ಮ ರಾಜನನ್ನು ನಡುಮನೆಯಲ್ಲೇ ಬಿಟ್ಟು, 11ನೇ ನಡೆಯಲ್ಲಿ ಒಂಟೆಯನ್ನು ಎರಡನೇ ಸಲ ಸರಿಸಿದರು. ಹುಡುಗ ಕುದುರೆಯನ್ನು ಹಲಗೆಯ ಅಂಚಿಗೆ ಹಾರಿಸಿದ. ಅಂಚಿನ ಕುದುರೆ ಕೆಲಸಕ್ಕೆ ಬಾರದು ಎಂದು ನಾವೆಲ್ಲ ಕಲಿಸುತ್ತೇವೆ! ಅದೂ ಅಲ್ಲದೆ ಆ ಕುದುರೆಯನ್ನು ಸುಮ್ಮನೆ ಹೊಡೆಯಬಹುದಿತ್ತು. ಹೊಡೆದರೆ ಮುಂದೆ ಕಷ್ಟವೆಂದು ಬರ್ನ್ ಅವರಿಗೆ ಕಂಡಿತು, ಹೊಡೆಯಲಿಲ್ಲ.

17ನೇ ನಡೆಯಂತೂ ಎಷ್ಟು ಸಲ ನೋಡಿದರೂ ನನಗೆ ಸಾಲದು. ಹುಡುಗನ ಮಂತ್ರಿ (ಈಗಿನವರು ರಾಣಿ ಎನ್ನುತ್ತೀರಿ) ಬಿಳಿ ಒಂಟೆಯ ಬಾಯಲ್ಲಿತ್ತು. ಅವನು ಅದನ್ನು ಅಲ್ಲೇ ಬಿಟ್ಟು ತನ್ನ ಒಂಟೆಯನ್ನು ಸರಿಸಿದ. ಬರ್ನ್ ಮಂತ್ರಿಯನ್ನು ತೆಗೆದುಕೊಂಡರು. ಆಮೇಲೆ ಕುದುರೆ, ಒಂಟೆ ಸೇರಿ ಕೊಟ್ಟ ಚೆಕ್ಕಿಗೆ ಬಿಳಿ ರಾಜ ಎರಡು ಮನೆಗಳ ನಡುವೆ ಅತ್ತಿತ್ತ ಓಡಾಡಿದ್ದೇ ಓಡಾಡಿದ್ದು. ಒಂದು ಮಂತ್ರಿಗೆ ಪ್ರತಿಯಾಗಿ ಹುಡುಗನಿಗೆ ಸಿಕ್ಕಿದ್ದು ಒಂದು ಆನೆ, ಎರಡು ಒಂಟೆ, ಒಂದು ಕಾಲಾಳು. ಬಿಳಿಯ ಇನ್ನೊಂದು ಆನೆ 28ನೇ ನಡೆಯವರೆಗೂ ಮೂಲೆ ಬಿಟ್ಟು ಕದಲಲಿಲ್ಲ.

ದೊಡ್ಡ ಆಟಗಾರರು ಚೆಕ್‌ಮೇಟ್ ಆಗುವ ಮೊದಲೇ ಸೋಲೊಪ್ಪಿಕೊಂಡು ಏಳುವುದು ರೂಢಿ. ಬರ್ನ್ ಏಳಲಿಲ್ಲ. 41ನೇ ನಡೆಯಲ್ಲಿ ಹುಡುಗನೇ ಆನೆಯಿಂದ ಆಟ ಮುಗಿಸುವವರೆಗೂ ಕೂತರು. ಆ ಮನುಷ್ಯನ ಮೇಲೆ ನನಗೆ ಫಿಷರನಷ್ಟೇ ಗೌರವ. ‘ಚೆಸ್ ರಿವ್ಯೂ’ ಪತ್ರಿಕೆಯಲ್ಲಿ ಹಾನ್ಸ್ ಕ್ಮೋಕ್ ಇದಕ್ಕೆ ‘ಶತಮಾನದ ಆಟ’ ಎಂಬ ಹೆಸರಿಟ್ಟರು.

41 ನಡೆಗಳನ್ನೂ ಬರೆದು ತಂದಿದ್ದೇನೆ, ಸೂಚನಾ ಫಲಕದಲ್ಲಿ ಹಾಕಿಸುತ್ತಾರೆ. 18ನೇ ನಡೆಯಲ್ಲಿ ಬರ್ನ್ ಮಂತ್ರಿಯನ್ನು ಬಿಟ್ಟು, ಸರಿದು ಬಂದ ಆ ಒಂಟೆಯನ್ನೇ ಹೊಡೆದಿದ್ದರೆ? ಆಗಲೂ ಬಿಳಿಗೆ ಚೆಕ್‌ಮೇಟ್. ಮಂತ್ರಿಯನ್ನು ಬಲಿ ಕೊಟ್ಟು ಕುದುರೆಯಿಂದ. ದಾರಿಯನ್ನು ನೀವೇ ಹುಡುಕಿ, ಸಿಕ್ಕವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಹಲಗೆ ತಂದಿದ್ದೇನೆ.