ಗಾಡಿಮನೆಯಲ್ಲಿ ಕಾಡಿಗೆ ಹೊರಡುವ ಮುನ್ನ

ಗಡಿಭಾಗದ ನಮ್ಮ ಹಳ್ಳಿಗಳಿಂದಲೂ ಮಕ್ಕಳು ಅಮೆರಿಕಕ್ಕೆ ಹೋಗಿ ನೆಲೆಸಿದ್ದಾರೆ. ತಂದೆತಾಯಿ ನೋಡಲು ಹೋದಾಗ, "ಅಪ್ಪಾ, ಆರ್.ವಿ. ಬಾಡಿಗೆಗೆ ಹಿಡಿದು ಯೆಲ್ಲೊಸ್ಟೋನ್ ನೋಡಿ ಬರೋಣ" ಎನ್ನುತ್ತಾರೆ. ಆರ್.ವಿ. ಎಂದರೆ ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಕಕ್ಕಸು ಎಲ್ಲವೂ ಒಳಗೇ ಇರುವ ದೊಡ್ಡ ಗಾಡಿ. ಮಕ್ಕಳು ಏನು ಕೇಳಿದರೂ "ನಿಮ್ಮಿಷ್ಟದಂತೆ ಆಗಲಿ" ಎನ್ನುವುದು ನಮ್ಮ ಹಿರಿಯರ ರೂಢಿ. ಈ ಪ್ರವಾಸದ ಮಟ್ಟಿಗೆ ದಯವಿಟ್ಟು ಹಾಗೆನ್ನಬೇಡಿ. ಲೆಕ್ಕ ಹಾಕುವಾಗಲೇ ನಿಮ್ಮ ಮಾತನ್ನೂ ಸೇರಿಸಿ.

ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. 1872ರಲ್ಲಿ ಆದದ್ದು. ಬಿಸಿನೀರಿನ ಬುಗ್ಗೆಗಳು, ಕಾಡೆಮ್ಮೆಯಂಥ ಬೈಸನ್ ಹಿಂಡುಗಳು, ಕರಡಿಗಳು ಅಲ್ಲಿವೆ. ಒಳಗಿನ ಮುಖ್ಯ ರಸ್ತೆಯೇ ಎಂಟರ ಅಂಕಿಯಂತೆ ಸುತ್ತಿಕೊಂಡು 142 ಮೈಲಿ, ಅಂದರೆ ಸುಮಾರು 228 ಕಿಲೋಮೀಟರು. ವೇಗದ ಮಿತಿ ಗಂಟೆಗೆ 45 ಮೈಲಿ. ಬೈಸನ್ ರಸ್ತೆಗೆ ಬಂದು ನಿಂತರೆ ಅದೂ ಇಲ್ಲ. ಆದ್ದರಿಂದ ಒಂದೇ ದಿನದಲ್ಲಿ ಎಲ್ಲ ನೋಡುವ ಆಸೆ ಬೇಡ.

ಗಾಡಿಯಲ್ಲೇ ಮನೆಯಿದೆ, ಕತ್ತಲಾದಲ್ಲಿ ನಿಲ್ಲಿಸಿ ಮಲಗಿದರಾಯಿತು ಎಂದು ನಮಗನಿಸುತ್ತದೆ. ಅಲ್ಲಿ ಅದು ನಡೆಯದು. ರಸ್ತೆಬದಿಯಲ್ಲಾಗಲಿ ವಾಹನ ನಿಲ್ದಾಣದಲ್ಲಾಗಲಿ ರಾತ್ರಿ ತಂಗುವಂತಿಲ್ಲ. ಗೊತ್ತುಮಾಡಿದ ಶಿಬಿರದಲ್ಲೇ ತಂಗಬೇಕು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ತಡೆದಿರುವುದು ವಯನಾಡಿನ ನಮ್ಮವರಿಗೆ ಗೊತ್ತು. ದೇಶ ಬೇರೆಯಾದರೂ ರಾತ್ರಿಯ ಕಾಡು ಪ್ರಾಣಿಗಳದ್ದೇ. ಬೇಸಿಗೆಯಲ್ಲಿ ಆ ಶಿಬಿರಗಳು ಬೇಗ ತುಂಬುತ್ತವೆ. ಆದ್ದರಿಂದ ಗಾಡಿ ಗೊತ್ತುಮಾಡುವುದಕ್ಕೆ ಮೊದಲೇ, ತಿಂಗಳುಗಳ ಮುಂಚೆ, ತಂಗುವ ಜಾಗ ಕಾದಿರಿಸಬೇಕು.

ಅಲ್ಲಿನ ಶಿಬಿರಗಳ ಪೈಕಿ ಗಾಡಿಗೆ ನೀರು, ವಿದ್ಯುತ್ತು, ಕೊಳಚೆ ಕೊಳವೆ ಮೂರನ್ನೂ ಜೋಡಿಸುವ ಅನುಕೂಲವಿರುವುದು ಫಿಶಿಂಗ್ ಬ್ರಿಜ್ ಎಂಬ ಒಂದರಲ್ಲಿ ಮಾತ್ರ. ಕರಡಿಗಳ ಓಡಾಟವಿರುವುದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ. ಗಟ್ಟಿ ಗೋಡೆಯ ಗಾಡಿಯೇ ಬೇಕು. ಉಳಿದ ಕಡೆ ರಾತ್ರಿ ಜನರೇಟರ್ ಹಾಕುವಂತಿಲ್ಲ. ನಿದ್ರೆಯಲ್ಲಿ ಉಸಿರಾಟದ ಯಂತ್ರ ಬಳಸುವವರು, ಇನ್ಸುಲಿನ್ ತಣ್ಣಗಿಡಬೇಕಾದವರು ಇದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಇನ್ನು ಎತ್ತರದ ಮಾತು. ಯೆಲ್ಲೊಸ್ಟೋನ್ ಸರೋವರ 7,700 ಅಡಿಗೂ ಮೇಲಿದೆ. ನಮ್ಮ ಊಟಿಗಿಂತ ತುಸು ಹೆಚ್ಚು. ಏದುಸಿರು ಬರುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ಜೂನ್ ತಿಂಗಳಲ್ಲೂ ಹಿಮ ಬೀಳಬಹುದು. ಸ್ವೆಟರು, ಕಿವಿಮುಚ್ಚುವ ಟೋಪಿ ಇರಲಿ. ಅಲ್ಲಿ ನೀರು 100ರ ಬದಲು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ ಎಂದು ಗೊಣಗುವ ಬದಲು ಚಿಕ್ಕ ಕುಕ್ಕರ್ ಒಯ್ಯಿರಿ. ಊಟವಾದ ಮೇಲೆ ಪಾತ್ರೆ, ಎಣ್ಣೆ, ಉಪ್ಪಿನಕಾಯಿ ಯಾವುದನ್ನೂ ಹೊರಗೆ ಬಿಡಬೇಡಿ. ವಾಸನೆ ಹಿಡಿದು ಕರಡಿ ಬರುತ್ತದೆ. ಮನುಷ್ಯರ ಅನ್ನದ ರುಚಿ ಕಂಡ ಕರಡಿಯನ್ನು ಕಡೆಗೆ ಕೊಲ್ಲಬೇಕಾಗಿ ಬರುವುದೂ ಉಂಟು.

ಕರಡಿ, ತೋಳಗಳಿಂದ 100 ಗಜ, ಬೈಸನ್ ಮೊದಲಾದವುಗಳಿಂದ 25 ಗಜ ದೂರವಿರಬೇಕೆಂಬುದು ಅಲ್ಲಿನ ನಿಯಮ. ಬೈಸನ್ ನಮ್ಮ ಎಮ್ಮೆಯಂತೆ ಸಾಧು ಕಂಡರೂ ಮನುಷ್ಯನಿಗಿಂತ ಎಷ್ಟೋ ವೇಗವಾಗಿ ಓಡಬಲ್ಲದು. ಬಿಸಿಬುಗ್ಗೆಗಳ ಬಳಿ ಹಲಗೆಯ ಹಾದಿ ಬಿಟ್ಟು ಇಳಿಯಬೇಡಿ. ಮೇಲಿನ ಮಣ್ಣು ತೆಳು, ಕೆಳಗೆ ಕುದಿಯುವ ನೀರು. ಮೊಮ್ಮಕ್ಕಳ ಕೈ ಹಿಡಿದೇ ನಡೆಯಿರಿ.

ಹಲವು ಕಡೆ ಮೊಬೈಲ್ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಉದ್ಯಾನದಿಂದ ಹೊರಗೇ ಬರಬೇಕು. ಆದ್ದರಿಂದ ಮಾತ್ರೆಗಳು, ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಪ್ರವಾಸದ ವಿಮೆ ನಿಮ್ಮ ಹಳೆಯ ಕಾಯಿಲೆಗೂ ಅನ್ವಯಿಸುತ್ತದೆಯೇ ಎಂದು ಸಹಿ ಹಾಕುವ ಮೊದಲು ಓದಿಸಿ ಕೇಳಿ.

ಗಂಟೆಗೊಮ್ಮೆ ಇಳಿದು ಕಾಲಾಡಿಸಬೇಕೇ? ಮೇಲಿನ ಅಟ್ಟದ ಹಾಸಿಗೆ ಹತ್ತಲಾರಿರಾ? ಮಕ್ಕಳಿಗೆ ಈಗಲೇ ಹೇಳಿ. ಅವರು ಪ್ರೀತಿಯಿಂದಲೇ ಕರೆಯುತ್ತಾರೆ. ಆದರೆ ನಮ್ಮ ಮೊಣಕಾಲಿನ ನೋವು ನಾವು ಹೇಳದೆ ಅವರಿಗೆ ತಿಳಿಯುವುದು ಹೇಗೆ? ಸಂಕೋಚದಿಂದ ಸುಮ್ಮನಿದ್ದು ಕಾಡಿನ ನಡುವೆ ನರಳಿದರೆ ಅವರಿಗೂ ಸಂಕಟ. ಮನೆಯಲ್ಲಿ ಬಾಯಿಬಿಟ್ಟು ಹೇಳಿ ಹೊರಟರೆ ಎಲ್ಲರಿಗೂ ನೆಮ್ಮದಿ.