ನಾಡಿಯ ಲೆಕ್ಕ, ತೂಕದ ಲೆಕ್ಕ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೃದಯದ ಬಡಿತ ತೋರಿಸುವ ಯಂತ್ರವನ್ನು ವ್ಯಾಯಾಮಕ್ಕೂ ತೂಕ ಇಳಿಸುವುದಕ್ಕೂ ಹೇಗೆ ಬಳಸಬೇಕು ಎಂಬ ಬಗ್ಗೆ ಮಾತನಾಡಲು ನನಗೆ ಸೂಚಿಸಿದ್ದಾರೆ. ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಒಪ್ಪಿಕೊಂಡೆ. ಏಕೆಂದರೆ ಇದು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಳಿಯಬೇಕಾದ ವಿಷಯ.

ಮೊದಲಿಗೆ ಒಂದು ಅಂಕಿ ಅಂಶ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ ಇದೆ. ಶೇ. 39.5 ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು ಇದೆ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ ವೈದ್ಯರು. ಮನೆಗೆ ಹೋಗಿ ದರ್ಜಿಯ ಟೇಪು ಹಿಡಿದು ಅಳೆದುಕೊಂಡರೆ ನಾವು ಯಾವ ಸಾಲಿನಲ್ಲಿದ್ದೇವೆ ಎಂದು ತಿಳಿಯುತ್ತದೆ.

ಇದನ್ನು ಅರಿತು ಕೆಲವರು ವ್ಯಾಯಾಮ ಆರಂಭಿಸುತ್ತಾರೆ. ಬಡಿತ ತೋರಿಸುವ ಕೈಗಡಿಯಾರವನ್ನೂ ಕೊಳ್ಳುತ್ತಾರೆ. ಎರಡು ವಾರ ಉತ್ಸಾಹದಿಂದ ನಡೆಯುತ್ತಾರೆ. ತೂಕದ ಯಂತ್ರದ ಮುಳ್ಳು ಅಲುಗದಿದ್ದರೆ ಬೇಸರಗೊಂಡು ಬಿಟ್ಟುಬಿಡುತ್ತಾರೆ. ತೂಕ ಇಳಿಯುವುದು ನಿಧಾನ, ಹೃದಯ ಬಲಗೊಳ್ಳುವುದು ಅದಕ್ಕಿಂತ ಬೇಗ. ಈ ಬೇಗನೆ ಆಗುವ ಬದಲಾವಣೆಯನ್ನು ನಮಗೆ ಹೇಳುವುದು ನಾಡಿ. ಆದ್ದರಿಂದ ತೂಕಕ್ಕಿಂತ ಮೊದಲು ನಾಡಿಯನ್ನು ಓದಲು ಕಲಿಯೋಣ ಎಂಬುದೇ ನನ್ನ ಮಾತಿನ ಸಾರ.

ವಿದ್ಯಾರ್ಥಿಗಳೆ, ಕನ್ನಡದಲ್ಲಿ ನಾಡಿ ಎನ್ನುವುದನ್ನು ಉರ್ದುವಿನಲ್ಲಿ ನಬ್ಝ್ ಎನ್ನುತ್ತೇವೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಕೀಮರು ಬಂದರೆ ಮೊದಲು ಹಿಡಿಯುತ್ತಿದ್ದುದು ಮಣಿಕಟ್ಟನ್ನು. ಸಾವಿರ ವರ್ಷಗಳ ಹಿಂದೆ ಬಾಳಿದ ಮಹಾನ್ ವೈದ್ಯ ಇಬ್ನ್ ಸೀನಾ (980-1037) ಫಾರ್ಸಿ ಭಾಷೆಯಲ್ಲಿ ನಾಡಿಯ ಬಗ್ಗೆಯೇ ಒಂದು ಕಿರುಗ್ರಂಥ ಬರೆದರು. ನಾಡಿಯಲ್ಲಿ ನೋಡಬೇಕಾದ ಹತ್ತು ಲಕ್ಷಣಗಳನ್ನು ಅವರು ವಿವರಿಸಿದ್ದಾರೆ. ಯುನಾನಿ ವೈದ್ಯರು ಇಂದಿಗೂ ಅವನ್ನು ಕಲಿಯುತ್ತಾರೆ. ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಬಡಿತ ಎಂದು ಎಣಿಸುವ ಪದ್ಧತಿ ಬಂದದ್ದು ತಡವಾಗಿ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ಇದಕ್ಕಾಗಿಯೇ ಒಂದು ಗಡಿಯಾರವನ್ನು ಮಾಡಿಸಿ ಪುಸ್ತಕವನ್ನೂ ಬರೆದರು. ಓಡುತ್ತಿರುವಾಗಲೇ ಬಡಿತ ತೋರಿಸುವ, ತಂತಿಯಿಲ್ಲದ ಯಂತ್ರವನ್ನು ಫಿನ್ಲೆಂಡ್ ದೇಶದ ಪೋಲಾರ್ ಎಂಬ ಕಂಪನಿ 1980ರ ದಶಕದ ಆರಂಭದಲ್ಲಿ ತಂದಿತು. ಅಲ್ಲಿನ ಹಿಮದ ಮೇಲೆ ಜಾರುವ ಕ್ರೀಡಾಪಟುಗಳ ತರಬೇತಿಗಾಗಿ ಹುಟ್ಟಿದ ಸಾಧನ ಇಂದು ನಮ್ಮ ಬೀದಿಯ ಅಂಗಡಿಗೂ ಬಂದಿದೆ.

ಇಂತಹ ಯಂತ್ರಗಳಲ್ಲಿ ಎರಡು ಬಗೆ. ಒಂದು ಎದೆಗೆ ಕಟ್ಟುವ ಪಟ್ಟಿ. ಹೃದಯ ಬಡಿಯುವಾಗ ಹುಟ್ಟುವ ಸಣ್ಣ ವಿದ್ಯುತ್ ಸಂಕೇತವನ್ನು ಅದು ಗ್ರಹಿಸುತ್ತದೆ. ಪಟ್ಟಿಯ ಒಳಭಾಗವನ್ನು ನೀರಿನಿಂದ ತೇವ ಮಾಡಿ ಕಟ್ಟಬೇಕು. ಇನ್ನೊಂದು ಕೈಗಡಿಯಾರ. ಅದರ ಅಡಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೀವು ನೋಡಿರಬಹುದು. ರಕ್ತವು ಹಸಿರು ಬೆಳಕನ್ನು ಹೀರುತ್ತದೆ. ಒಂದೊಂದು ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಹೆಚ್ಚು ಕಡಿಮೆಯಾಗುವುದರಿಂದ ಹಿಂದಿರುಗುವ ಬೆಳಕೂ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ಎಣಿಸುತ್ತದೆ. ಆದ್ದರಿಂದ ಗಡಿಯಾರ ಸಡಿಲವಾಗಿರಬಾರದು, ತೋಳಿನ ಬಟ್ಟೆಯ ಮೇಲೆ ಕಟ್ಟಬಾರದು. ಉದ್ದ ತೋಳಿನ ಉಡುಪು ಧರಿಸುವ ನಮ್ಮ ಸಹೋದರಿಯರು ಬಟ್ಟೆಯ ಒಳಗೆ, ಚರ್ಮಕ್ಕೆ ತಾಗುವಂತೆ, ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಕಟ್ಟಿಕೊಂಡರೆ ಸಾಕು. ಎರಡರಲ್ಲಿ ಎದೆಯ ಪಟ್ಟಿಯ ಲೆಕ್ಕವೇ ಹೆಚ್ಚು ನಿಖರ.

ಯಂತ್ರವಿಲ್ಲದವರು ನಿರಾಶರಾಗಬೇಕಾಗಿಲ್ಲ. ಎಡಗೈಯನ್ನು ಅಂಗಾತ ಇಟ್ಟು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳುಗಳನ್ನು ಮೃದುವಾಗಿ ಒತ್ತಿರಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದಕ್ಕೆ ತನ್ನದೇ ಬಡಿತವಿದೆ. ಮೂವತ್ತು ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಡುವ ಮೊದಲು ಎಣಿಸಿದರೆ ಅದು ವಿಶ್ರಾಂತಿಯ ಬಡಿತ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ. ಫಜ್ರ್ ನಮಾಝಿಗೆ ಏಳುವವರಿಗೆ ಇದಕ್ಕೆ ಬೇರೆ ಸಮಯ ಹುಡುಕಬೇಕಾಗಿಲ್ಲ.

ಇನ್ನು ವ್ಯಾಯಾಮ ಮಾಡುವಾಗ ಬಡಿತ ಎಷ್ಟಿರಬೇಕು? ಎಲ್ಲರಿಗೂ ಗೊತ್ತಿರುವ ಸೂತ್ರ, 220ರಿಂದ ನಿಮ್ಮ ವಯಸ್ಸನ್ನು ಕಳೆಯುವುದು. ಬಂದದ್ದು ನಿಮ್ಮ ಗರಿಷ್ಠ ಬಡಿತದ ಅಂದಾಜು. 2001ರಲ್ಲಿ ಟನಾಕಾ ಎಂಬ ಸಂಶೋಧಕರು ಮತ್ತು ಸಂಗಡಿಗರು ಇನ್ನೊಂದು ಸೂತ್ರ ಕೊಟ್ಟರು. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. 40 ವರ್ಷದವರಿಗೆ ಎರಡೂ ಸೂತ್ರಗಳಲ್ಲಿ 180 ಬರುತ್ತದೆ. 60 ವರ್ಷದವರಿಗೆ ಹಳೆಯ ಸೂತ್ರದಲ್ಲಿ 160, ಹೊಸದರಲ್ಲಿ 166. ಯಾವ ಸೂತ್ರ ಹಿಡಿದರೂ ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ಸಹಜ. ಹಾಗಾಗಿ ಇದು ದಾರಿ ತೋರುವ ಅಂದಾಜೇ ಹೊರತು ಕಟ್ಟಪ್ಪಣೆಯಲ್ಲ.

ಆ ಗರಿಷ್ಠದ ಶೇ. 64ರಿಂದ 76ರವರೆಗಿನ ಬಡಿತ ಮಧ್ಯಮ ವ್ಯಾಯಾಮದ್ದು. 40 ವರ್ಷದವರಿಗೆ ಇದು ಸುಮಾರು 115ರಿಂದ 137. ಹಳೆಯ ಸೂತ್ರದಂತೆ 60 ವರ್ಷದವರಿಗೆ ಸುಮಾರು 102ರಿಂದ 122. ಇದರ ಪರೀಕ್ಷೆಗೆ ಒಂದು ಸುಲಭ ವಿಧಾನವಿದೆ. ನಡೆಯುತ್ತ ಪಕ್ಕದವರೊಡನೆ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಹಾಡಲು ಆಗುತ್ತಿದ್ದರೆ ನಡಿಗೆ ನಿಧಾನವಾಯಿತು. ಎರಡು ಮಾತಿಗೇ ಏದುಸಿರು ಬಂದರೆ ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಇಂತಹ ಮಧ್ಯಮ ವ್ಯಾಯಾಮ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಮೊದಲ ಗುರಿ ಮುಟ್ಟಿದಂತೆ.

ಈ ಬಡಿತದ ಲೆಕ್ಕದಲ್ಲಿ ಒಂದು ನ್ಯಾಯವೂ ಇದೆ. ಇಪ್ಪತ್ತರ ಹುಡುಗ ಮೈದಾನವನ್ನು ಓಡಿ ಸುತ್ತಿದಾಗ ಅವನ ಹೃದಯ ಪಡುವ ಶ್ರಮವನ್ನು, ಐವತ್ತೈದರ ತಾಯಿ ಬಿರುಸಾಗಿ ನಡೆದೇ ಪಡಬಹುದು. ಪಕ್ಕದವರು ಮುಂದೆ ಹೋದರೆಂದು ನಾಚಬೇಕಾಗಿಲ್ಲ. ದಿನವೂ ನಡೆಯುತ್ತ ಹೋದಂತೆ, ಹಿಂದೆ 130 ಬಡಿತ ಬೇಕಾಗುತ್ತಿದ್ದ ಅದೇ ಏರು ರಸ್ತೆಯನ್ನು ಹೃದಯ ಕಡಿಮೆ ಬಡಿತದಲ್ಲಿ ಏರಿಸುತ್ತದೆ. ಬೆಳಗಿನ ವಿಶ್ರಾಂತಿಯ ಬಡಿತವೂ ಮೆಲ್ಲಗೆ ಇಳಿಯುತ್ತದೆ. ತೂಕ ಇನ್ನೂ ಅಷ್ಟೇ ಇದ್ದರೂ ನಿಮ್ಮ ಶ್ರಮ ವ್ಯರ್ಥವಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರೆದಿಡಿ.

ಈಗ ತೂಕದ ಮಾತಿಗೆ ಬರೋಣ. ಕೆಲವು ಯಂತ್ರಗಳಲ್ಲಿ 'ಕೊಬ್ಬು ಕರಗುವ ವಲಯ' ಎಂದು ಕಡಿಮೆ ಬಡಿತದ ಒಂದು ವಲಯವನ್ನು ತೋರಿಸುತ್ತಾರೆ. ನಿಧಾನವಾಗಿ ನಡೆದಾಗ ಖರ್ಚಾಗುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಹೆಚ್ಚು ಎಂಬುದು ನಿಜ. ಆದರೆ ನೂರು ರೂಪಾಯಿಯಲ್ಲಿ ಶೇ. 60 ಎಂದರೆ ಅರವತ್ತು. ಇನ್ನೂರು ರೂಪಾಯಿಯಲ್ಲಿ ಶೇ. 40 ಎಂದರೂ ಎಂಬತ್ತು. ಒಟ್ಟು ಖರ್ಚೇ ಮುಖ್ಯ. ಆದ್ದರಿಂದ ಆ ಹೆಸರಿಗೆ ಮರುಳಾಗಿ ಬೇಕೆಂದೇ ನಿಧಾನ ಮಾಡಬೇಡಿ.

ಗಡಿಯಾರ ತೋರಿಸುವ ಕ್ಯಾಲೊರಿಯನ್ನೂ ಪೂರ್ತಿ ನಂಬಬೇಡಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂತಹ ಏಳು ಯಂತ್ರಗಳನ್ನು ಪರೀಕ್ಷಿಸಿದರು. ಆರು ಯಂತ್ರಗಳು ಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮ ಯಂತ್ರವೇ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕಳಪೆಯದು ಶೇ. 93ರಷ್ಟು. 'ಇಂದು ಐನೂರು ಕ್ಯಾಲೊರಿ ಕರಗಿಸಿದೆ' ಎಂದು ಗಡಿಯಾರ ನೋಡಿಕೊಂಡು ಬಿರಿಯಾನಿಗೆ ಎರಡನೆಯ ಬಾರಿ ತಟ್ಟೆ ಚಾಚಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಹೇಳಿ?

ಯಂತ್ರ ಕಟ್ಟಿಕೊಂಡ ಮಾತ್ರಕ್ಕೆ ತೂಕ ಇಳಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 35 ವರ್ಷದ 471 ಮಂದಿ ಇದ್ದರು. ಎಲ್ಲರಿಗೂ ಮಿತ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ದೊರೆಯಿತು. ಒಂದು ಗುಂಪಿಗೆ ಮಾತ್ರ ಮೈಮೇಲೆ ಧರಿಸುವ, ಚಟುವಟಿಕೆ ಅಳೆಯುವ ಯಂತ್ರ ಕೊಟ್ಟರು. ಎರಡು ವರ್ಷಗಳ ಕೊನೆಗೆ ಯಂತ್ರ ಧರಿಸಿದವರು ಸರಾಸರಿ 3.5 ಕಿಲೋ ಇಳಿದಿದ್ದರು, ಯಂತ್ರವಿಲ್ಲದವರು 5.9 ಕಿಲೋ.

ಕಾರಣ ಸರಳ ಗಣಿತದಲ್ಲಿಯೇ ಇದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಎಪ್ಪತ್ತು ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಅಂದಾಜು 130 ಕ್ಯಾಲೊರಿ ಖರ್ಚಾಗುತ್ತದೆ. ವಾರಕ್ಕೆ ಐದು ದಿನ ನಡೆದರೂ ಒಂದು ಕಿಲೋಗೆ ಹನ್ನೆರಡು ವಾರ ಬೇಕು. ಇನ್ನೊಂದು ಕಡೆ ನಮ್ಮ ಚಹಾ ನೋಡಿ. ಒಂದು ಚಮಚ ಸಕ್ಕರೆಯಲ್ಲಿ ಸುಮಾರು 16 ಕ್ಯಾಲೊರಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ ಸಕ್ಕರೆಯಿಂದಲೇ 160. ಅರ್ಧ ಗಂಟೆಯ ನಡಿಗೆ ಚಹಾದ ಲೋಟದಲ್ಲಿಯೇ ಕರಗಿಹೋಯಿತು! ಊಟ ಬಲ್ಲವನಿಗೆ ರೋಗವಿಲ್ಲ ಎಂದು ಕನ್ನಡದ ಹಿರಿಯರು ಹೇಳಿದ್ದಾರೆ. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ವಲೀಮಾದ ಊಟಕ್ಕೆ ಕುಳಿತಾಗ ಅದನ್ನು ನೆನೆಯುವವರು ಎಷ್ಟು ಮಂದಿ? ತೂಕ ಇಳಿಸುವುದು ಹೆಚ್ಚಾಗಿ ತಟ್ಟೆಯ ಕೆಲಸ. ಹೃದಯವನ್ನು ಬಲಪಡಿಸುವುದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು ನಡಿಗೆಯ ಕೆಲಸ. ಎರಡೂ ಬೇಕು.

ಐದು ಹೊತ್ತು ನಮಾಝ್ ಮಾಡುತ್ತೇವಲ್ಲ, ಬೇರೆ ವ್ಯಾಯಾಮ ಏಕೆ ಎಂದು ಕೆಲವರು ಕೇಳುತ್ತಾರೆ. ನಮಾಝ್ ಇಬಾದತ್, ಅದರ ಸ್ಥಾನ ಬೇರೆ. ಅದರಿಂದ ಕೀಲುಗಳಿಗೆ ಚಲನೆ ದೊರೆಯುತ್ತದೆ. ಆದರೆ ಅರ್ಧ ಗಂಟೆ ಕಾಲ ಬಡಿತವನ್ನು ಮಧ್ಯಮ ಮಟ್ಟದಲ್ಲಿ ಇರಿಸುವುದು ಅದರ ಉದ್ದೇಶವಲ್ಲ. ಮಸೀದಿಗೆ ಸ್ಕೂಟರ್ ಬಿಟ್ಟು ನಡೆದು ಹೋದರೆ ಆ ನಡಿಗೆ ಖಂಡಿತ ಲೆಕ್ಕಕ್ಕೆ ಬರುತ್ತದೆ.

ಕೆಲವು ಎಚ್ಚರಿಕೆಗಳು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗ, ವ್ಯಾಯಾಮ ಮಾಡುವವರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಅನೇಕರು ಹೆದರಿದರು. ಹೆದರಿ ಕುಳಿತುಬಿಡುವುದು ಪರಿಹಾರವಲ್ಲ, ಅರಿತು ನಡೆಯುವುದು ಪರಿಹಾರ. ನಡೆಯುವಾಗ ಎದೆಯಲ್ಲಿ ನೋವು ಅಥವಾ ಬಿಗಿತ, ತಲೆಸುತ್ತು, ಎಂದೂ ಇಲ್ಲದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗಡಿಯಾರದಲ್ಲಿ ಬಡಿತ ಸರಿಯಾಗಿದೆ ಎಂದು ಸುಮ್ಮನಿರಬಾರದು. ಅದು ಹೃದಯದ ರಕ್ತನಾಳದಲ್ಲಿ ತಡೆ ಇದೆಯೇ ಎಂದು ಹೇಳುವ ಯಂತ್ರವಲ್ಲ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಬೀಟಾ ಬ್ಲಾಕರ್ ಎಂಬ ಬಗೆಯವು, ಬಡಿತವನ್ನೇ ತಗ್ಗಿಸುತ್ತವೆ. ಅವನ್ನು ಸೇವಿಸುವವರಿಗೆ ಮೇಲಿನ ಸೂತ್ರ ಹೊಂದುವುದಿಲ್ಲ. ಮಾತಾಡಬಹುದು, ಹಾಡಲಾಗದು ಎಂಬ ಪರೀಕ್ಷೆಯೇ ಅವರಿಗೆ ಲೇಸು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ರಮಝಾನಿನಲ್ಲಿ ಉಪವಾಸ ಹಿಡಿಯುವ ಇಂತಹ ರೋಗಿಗಳು, ವ್ಯಾಯಾಮದ ಸಮಯವನ್ನು ವೈದ್ಯರನ್ನು ಕೇಳಿಯೇ ಗೊತ್ತುಪಡಿಸಬೇಕು.

ಕೊನೆಯದಾಗಿ ಸಂಸ್ಥೆಯ ಹಿರಿಯರಲ್ಲಿ ಎರಡು ಬಿನ್ನಹಗಳು.

ಮೊದಲನೆಯದು ಮಕ್ಕಳ ಪರವಾಗಿ. ಪರೀಕ್ಷೆ ಹತ್ತಿರ ಬಂದಂತೆ ಶಾಲೆಗಳಲ್ಲಿ ಆಟದ ಪಿರಿಯಡ್ ಗಣಿತಕ್ಕೋ ಭಾಷೆಗೋ ಹೋಗಿಬಿಡುತ್ತದೆ. ನಮ್ಮಲ್ಲಿ ಹಾಗಾಗದಿರಲಿ. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಆ ಪಿರಿಯಡ್‌ನಲ್ಲಿ ನಾಡಿ ಎಣಿಸಲು ಕಲಿಸೋಣ. ಒಬ್ಬೊಬ್ಬ ವಿದ್ಯಾರ್ಥಿಯೂ ಮನೆಗೆ ಹೋಗಿ ಅಬ್ಬ ಮತ್ತು ಅಮ್ಮಿಯ ನಾಡಿ ಎಣಿಸಿ ಬರೆದು ತರಲಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಎರಡನೆಯದು ತಾಯಂದಿರ ಪರವಾಗಿ. ಗಂಡಸರಿಗೆ ರಸ್ತೆ ಇದೆ, ಪಾರ್ಕ್ ಇದೆ. ನಮ್ಮ ಮೊಹಲ್ಲಾದ ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? 'ಹೆಂಗಸರಿಗೆ ಇದೆಲ್ಲ ಏಕೆ' ಎನ್ನುವವರಿಗೆ ಅಬೂದಾವೂದ್ ಗ್ರಂಥದಲ್ಲಿ ಹಝ್ರತ್ ಆಯಿಶಾ(ರ) ತಾವೇ ತಿಳಿಸಿರುವ ಪ್ರಸಂಗವನ್ನು ನೆನಪಿಸುತ್ತೇನೆ. ಪ್ರಯಾಣವೊಂದರಲ್ಲಿ ಅವರು ಪ್ರವಾದಿ(ಸ)ರೊಡನೆ ಓಟದ ಪಂದ್ಯ ಕಟ್ಟಿ ಗೆದ್ದರು. ಮುಂದೆ ಅವರ ಮೈ ತುಂಬಿದ ಮೇಲೆ ಮತ್ತೆ ಪಂದ್ಯ ನಡೆದಾಗ ಪ್ರವಾದಿ(ಸ)ರು ಗೆದ್ದು, ಅಂದಿನ ಸೋಲಿಗೆ ಇದು ಸಮವಾಯಿತು ಎಂದರು. ಇಂತಹ ಪರಂಪರೆಯವರು ನಾವು. ನಮ್ಮ ಶಾಲೆಯ ಮೈದಾನಕ್ಕೆ ಕಾಂಪೌಂಡ್ ಗೋಡೆ ಇದೆ, ಗೇಟು ಇದೆ, ಫಜ್ರ್ ನಂತರ ಶಾಲೆ ಆರಂಭವಾಗುವವರೆಗೆ ಅದು ಖಾಲಿ ಇರುತ್ತದೆ. ವಾರಕ್ಕೆ ಐದು ದಿನ ಒಂದು ಗಂಟೆ ಅದನ್ನು ತಾಯಂದಿರಿಗಾಗಿ ತೆರೆಯಬೇಕೆಂದು ಕೋರುತ್ತೇನೆ. ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ಗಡಿಯಾರ ಹಂಚುವುದಕ್ಕಿಂತ ಈ ಗೇಟಿನ ಬೀಗ ತೆಗೆಯುವುದು ಹೆಚ್ಚು ಹೃದಯಗಳನ್ನು ಉಳಿಸೀತು.

ಅಲ್ಲಾಹನು ನಮಗೆಲ್ಲ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ.